ಲಾಳ ಹೊಡೆಸಿದ ಬೂಟು

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಹಾಲಿವುಡ್ಡಿನ ಒಂದು ಹಳೇ ಸಿನಿಮಾದ ಅಷ್ಟೂ ಹಾಡುಗಳು ಅವರಿಗೆ ಬಾಯಿಪಾಠ. ವಯಸ್ಸಿನಲ್ಲಿದ್ದಾಗ ಕಂಟೋನ್ಮೆಂಟಿನ ಥಿಯೇಟರಿನಲ್ಲಿ ನೋಡಿದ್ದಂತೆ. ಅದರಲ್ಲಿ ಸೂಟು ತೊಟ್ಟ ನಾಯಕ ಮಾತಾಡುತ್ತಲೇ ಹಾಡಿಗಿಳಿದು, ಬೂಟುಗಾಲಿನಿಂದ ನೆಲಕ್ಕೆ ಟಕಟಕ ಬಡಿಯುತ್ತ ಕುಣಿಯುತ್ತಾನೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಟರ್ನರ್ ಆಗಿದ್ದ ಅಪ್ಪ, ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಅದರ ಡಿವಿಡಿ ಸಿಕ್ಕ ಮೇಲೆ ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಬೇರೇನೂ ನೋಡಗೊಡಲಿಲ್ಲ. ಅರ್ಥವಾಗದ ಕಡೆ ತಮ್ಮದೇ ಪದ ತುಂಬಿಸಿ ಹಾಡುತ್ತಿದ್ದರು. ಆಗ ಡಿಗ್ರಿ ಓದುತ್ತಿದ್ದ ನಾನು ತಿದ್ದಲು ಹೋಗಿ ಬೈಸಿಕೊಂಡು ಸುಮ್ಮನಾದೆ.

ಅಮ್ಮ ಮಾತ್ರ ಆ ಸಿನಿಮಾ ಶುರುವಾದರೆ ಅಡುಗೆಮನೆ ಸೇರುತ್ತಿದ್ದಳು. "ಒಂದ್ಸಲ ಕೂತ್ಕೊಂಡು ನೋಡೇ" ಎಂದು ಅಪ್ಪ ಕರೆದರೆ, "ಕುಕ್ಕರ್ ಇಟ್ಟಿದೀನಿ ಕಣ್ರೀ" ಎನ್ನುವಳು. ಅವಳ ಕುಕ್ಕರಿಗೆ ಹೊತ್ತುಗೊತ್ತು ಇರಲಿಲ್ಲ.

ಅಪ್ಪನ ಮಂಡಿ ಸವೆದಿತ್ತು. ಆಪರೇಷನ್ ಆಗಲೇಬೇಕು, ಆಮೇಲೆ ಕುಣಿಯುವುದೆಲ್ಲ ಬಂದ್ ಎಂದರು ಡಾಕ್ಟರು. ಅಪ್ಪ ಅದನ್ನು ಆಯುಧಪೂಜೆ ಮುಗಿಯುವ ತನಕ ಮುಂದಕ್ಕೆ ಹಾಕಿಸಿದರು. ಪೂಜೆಯ ದಿನ ಕೆಲಸಗಾರರ ಮನೆಯವರೂ ಫ್ಯಾಕ್ಟರಿಗೆ ಬರುತ್ತಾರೆ, ಹಾಡು ಕುಣಿತ ಇರುತ್ತದೆ. ಅಲ್ಲಿ ಒಂದು ಸಲ ಸಿನಿಮಾದ ಆ ಬೂಟಿನ ಹಾಡಿಗೆ ಕುಣಿಯಬೇಕು, ಅಮ್ಮ ಅದನ್ನು ನೋಡಬೇಕು. ಅವರಿಗೆ ಬೇಕಾಗಿದ್ದುದು ಅಷ್ಟೇ. ಬೂಟಿನ ಅಡಿಗೆ ಲಾಳ ಹೊಡೆಸಿಕೊಂಡು ಬಂದಾಗ ಅಮ್ಮ, "ಇನ್ನು ಜಟಕಾ ಒಂದು ಕಟ್ಕೊಂಡ್ರೆ ಆಯ್ತು" ಎಂದಳು.

ಆ ದಿನ ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿದ್ದಾಯಿತು. ಹಲಗೆ ಜೋಡಿಸಿದ ವೇದಿಕೆಯ ಮೂಲೆಯಲ್ಲಿ ದೇವಿಯ ಫೋಟೋ ಇಟ್ಟು ದೀಪ ಹಚ್ಚಿದ್ದರು. ಅಪ್ಪನ ಹೆಸರು ಕರೆದರು. ಬೂಟು ಹಾಕಿಕೊಂಡು ಮೆಟ್ಟಿಲ ತನಕ ಬಂದವರು ಬಗ್ಗಿ ಲೇಸು ಬಿಚ್ಚಿ, ಬೂಟು ಕೆಳಗಿಟ್ಟು, ವೇದಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಿನಲ್ಲಿ ಹತ್ತಿಬಿಟ್ಟರು. ಪ್ರತಿ ವರ್ಷ ಭಜನೆಗೆ ಹತ್ತಿದ ರೂಢಿ! ಹಾಡು ಶುರುವಾಯಿತು. ಅಪ್ಪ ಕಾಲು ಬಡಿದರು. ಸದ್ದೇ ಇಲ್ಲ.

ಜನ ನಕ್ಕರು. ಅಪ್ಪ ಹಾಡು ನಿಲ್ಲಿಸಲು ಕೈ ಮಾಡಿ, ಇಳಿದು ಬೂಟು ಎತ್ತಿಕೊಳ್ಳುವಷ್ಟರಲ್ಲಿ ಪೂಜೆ ಮಾಡಿಸಿದ್ದ ಹಿರಿಯ ಮೇಸ್ತ್ರಿ ಅಡ್ಡ ಬಂದರು. "ಏನ್ ಗುರು, ದೇವ್ರ ಮುಂದೆ ಬೂಟ್ ಹಾಕ್ಕೊಂಡ್ ಕುಣಿತೀಯಾ?"

ಅಪ್ಪನಿಗೂ ಅದು ಸರಿಯೆನಿಸಿರಬೇಕು. ಬೂಟು ಕೈಯಲ್ಲಿ ಹಿಡಿದು ಹಾಗೇ ನಿಂತರು. ನನಗೆ ಅಳು ಬಂತು, ಮೇಸ್ತ್ರಿಯ ಮೇಲೆ ಸಿಟ್ಟೂ ಬಂತು.

ಆಗ ಹೆಂಗಸರ ಸಾಲಿನಿಂದ ಅಮ್ಮ ಎದ್ದಳು. ಸ್ನಾನವಾಗದೆ ದೇವರ ಮೂಲೆಯ ಹತ್ತಿರವೂ ನನ್ನನ್ನು ಬಿಡದ ಅಮ್ಮ. ಅಪ್ಪನನ್ನು ಬಯ್ದು ಕರೆತರಲು ಹೊರಟಳು ಎಂದುಕೊಂಡು ನಾನೂ ಹಿಂದೆ ಹೋದೆ. ಅವಳು ನೇರ ವೇದಿಕೆ ಹತ್ತಿ, ದೀಪವನ್ನು ನನ್ನ ಕೈಗೆ ಕೊಟ್ಟು, ಹಾರ ಹಾಕಿದ್ದ ಫೋಟೋವನ್ನು ಎದೆಗವಚಿಕೊಂಡು ಇಳಿದಳು.

"ಅಮ್ಮನೋರು ನನ್ ಜೊತೆ ಕೂತು ನೋಡ್ತಾರೆ ಬಿಡಣ್ಣ" ಎಂದಳು ಮೇಸ್ತ್ರಿಗೆ. ಆಮೇಲೆ ಅಪ್ಪನ ಕಡೆ ತಿರುಗಿ, "ಹಾಕ್ಕೊಳ್ರೀ ಬೇಗ" ಎಂದಳು. ಮೇಸ್ತ್ರಿ ತಲೆ ಕೆರೆದುಕೊಂಡು ಪಕ್ಕಕ್ಕೆ ಸರಿದರು.

ಹಾಡು ಮತ್ತೆ ಮೊದಲಿನಿಂದ ಶುರುವಾಯಿತು, ಅಪ್ಪ ಕುಣಿದರು. ಟಕಟಕ ಸದ್ದು ಶೆಡ್ಡಿನ ತುಂಬ ಕೇಳಿಸಿತು. ಒಂದೆರಡು ಕಡೆ ತಾಳ ತಪ್ಪಿದರು. ಕೊನೆಯ ಸುತ್ತಿನಲ್ಲಿ ಮಂಡಿ ಕೈಕೊಟ್ಟು ವೇದಿಕೆಯ ಪಕ್ಕದ ಕಂಬ ಹಿಡಿದುಕೊಂಡರು. ಜನ ಶಿಳ್ಳೆ ಹೊಡೆದರು. ಅಪ್ಪ ಕುಂಟುತ್ತ ಅಮ್ಮನ ಹತ್ತಿರ ಬಂದು, "ನೋಡಿದ್ಯಾ?" ಎಂದರು.

"ನೋಡ್ದೆ" ಎಂದಳು ಅಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೆಗೆ ಹೋಗಿ ಆ ಸಿನಿಮಾ ಹಾಕ್ರೀ. ಎಲ್ಲೆಲ್ಲಿ ತಪ್ಪಿದ್ರಿ ಅಂತ ನಂಗ್ ಗೊತ್ತಾಗ್ಬೇಕು."