ಬೆಳ್ಳಗಾದ ತಂಗಿ

ನನ್ನ ಹೊಲಿಗೆ ಯಂತ್ರದ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಕನ್ನಡಿಯೊಂದು ತೂಗುತ್ತಿದೆ. ನರಿಮೊಗರಿನ ಈ ಅಂಗಡಿಯಲ್ಲಿ ಅದಕ್ಕೆ ಮೊಳೆ ಹೊಡೆದವಳು ತಂಗಿ ಲೀಲಾ. ಬಂದಾಗಲೆಲ್ಲ ಮೊದಲು ಅದರಲ್ಲಿ ಮುಖ ನೋಡಿಕೊಂಡು, ಆಮೇಲೆ ನನ್ನತ್ತ ತಿರುಗುತ್ತಿದ್ದಳು. ಮನೆಯಲ್ಲಿ ಅವಳೊಬ್ಬಳೇ ಕಪ್ಪು. ಹಾಗೆಂದು ಹಂಗಿಸಿ ಚಿಕ್ಕಂದಿನಲ್ಲಿ ಅವಳನ್ನು ಹೆಚ್ಚು ಅಳಿಸಿದವಳು ನಾನೇ.

ಅದಕ್ಕೇ ಇರಬೇಕು, ಒಂದು ಬೇಸಗೆಯಲ್ಲಿ ಅವಳ ಬಣ್ಣ ತಿಳಿಯಾದಂತೆ ಕಂಡಾಗ, ಹಳೆಯ ತಪ್ಪನ್ನು ತಿದ್ದುವವಳಂತೆ ಹೇಳಿದೆ: "ಎಂತ ಮಾರಾಯ್ತಿ, ಬೆಳ್ಳಗಾಗಿದ್ದಿ! ಯಾವ ಕ್ರೀಮು ಹಚ್ಚುದು?"

ಅವಳು ನಾಚಿದಳು. "ಹೋಗಕ್ಕ! ಆದ್ರೆ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬರುದು. ಡಾಕ್ಟ್ರಲ್ಲಿಗೆ ಒಟ್ಟಿಗೆ ಬರ್ತೀಯಾ?"

"ಮದುವೆ ಬ್ಲೌಸು ರಾಶಿ ಉಂಟು, ಅದು ಮುಗೀಲಿ" ಎಂದೆ. ಮುಗಿಯಲು ಮೂರು ತಿಂಗಳಾಯಿತು.

ದರ್ಬೆ ಪೇಟೆಯ ವೈದ್ಯರು ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಕೆಳಕ್ಕೆ ಜಾರಿಸಿದರು. ಕೆಂಪಗಿರಬೇಕಾದ ಒಳಬದಿ, ತೊಳೆದು ತೊಳೆದು ಬಣ್ಣ ಹೋದ ಲೈನಿಂಗ್ ಬಟ್ಟೆಯ ಹಾಗಿತ್ತು. ಅಂಗೈ ಬಿಡಿಸಿದರು, ಗೆರೆಗಳಲ್ಲೂ ರಕ್ತದ ಸುಳಿವಿಲ್ಲ. ಮೊಣಕಾಲ ಕೆಳಗೆ ಒತ್ತಿ ಬೆರಳು ತೆಗೆದಾಗ, ನಾದಿದ ಹಿಟ್ಟಿನಲ್ಲಿ ಆದಂತೆ ಕುಳಿ ಹಾಗೇ ಉಳಿಯಿತು.

"ಕಿಡ್ನಿ ಸೋತ ಹಾಗೆ ಕಾಣ್ತದೆ, ಅದಕ್ಕೇ ರಕ್ತ ಕಡಿಮೆ. ಪರೀಕ್ಷೆ ಮಾಡಿಸುವ. ಸ್ವಲ್ಪ ಮೊದಲೇ ಬರಬೇಕಿತ್ತು" ಎಂದರು.

ಊರವರ ತೋಳು, ಸೊಂಟ ಎಲ್ಲ ಅಳೆಯುವ ನನಗೆ ತಂಗಿಯ ಕಾಲು ಬಾತದ್ದು ಕಂಡಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕುಳಿತು ಅವಳು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಾನು ಬೆಳ್ಳಗಾದದ್ದಲ್ಲವಾ ಅಕ್ಕ?"

ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ, ಬೆಳ್ಳಗಾಗುವುದು ಬೇರೆ, ಬಿಳಿಚಿಕೊಳ್ಳುವುದು ಬೇರೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೆ ನೋಡಿ, ನಾವು ಒಬ್ಬರ ಮುಖ ನೋಡಿ ಕಪ್ಪು ಬಿಳುಪು ಎನ್ನುತ್ತೇವೆ. ರೆಪ್ಪೆಯ ಒಳಗೆ ಆ ಭೇದವೇ ಇಲ್ಲ, ಆರೋಗ್ಯವಿದ್ದರೆ ಎಲ್ಲರದೂ ಕೆಂಪೇ. ಒಟ್ಟಿಗೆ ಬೆಳೆದ ನಾನು ಅಷ್ಟು ಹತ್ತಿರದಿಂದ ಅವಳನ್ನು ಒಮ್ಮೆಯೂ ನೋಡಿರಲಿಲ್ಲ.

ಡಯಾಲಿಸಿಸ್ ಅವಳನ್ನು ಒಂದು ವರ್ಷ ಉಳಿಸಿಕೊಟ್ಟಿತು. ಈಗ ಗಿರಾಕಿಗಳು ಹೋಗಿ, ಯಂತ್ರದ ಸದ್ದೂ ನಿಂತಾಗ, ನಾನು ಕನ್ನಡಿಯ ಮುಂದೆ ರೆಪ್ಪೆ ಜಾರಿಸಿ ನೋಡಿಕೊಳ್ಳುತ್ತೇನೆ. ಕೆಂಪಗಿದೆ. ಮೊಳೆ ಮಾತ್ರ ಈಗಲೂ ಅವಳ ಎತ್ತರಕ್ಕೇ ಇದೆ. ನನ್ನ ಮುಖ ಕಾಣಬೇಕಾದರೆ ನಾನು ಬಗ್ಗಬೇಕು.