ಬಾವಿಗೆ ಗಂಜಲ, ಜಾಡಿಗೆ ಬಿರಡೆ

ಕೊಂಡಮ್ಮನನ್ನು ಮೇಷ್ಟ್ರು ಮೊದಲು ಕಂಡದ್ದು ೧೯೫೮ರ ಮಾಗಿಯ ಒಂದು ಬೆಳಗ್ಗೆ. ನಂದಿಯ ತಪ್ಪಲಿನ ಆ ಊರಿನ ಶಾಲೆಗೆ ಅವರು ಆಗಷ್ಟೇ ವರ್ಗವಾಗಿ ಬಂದಿದ್ದರು. ನರಸಿಂಹಪ್ಪನವರ ದ್ರಾಕ್ಷಿ ತೋಟದ ಹಾದಿಯಲ್ಲಿ ಬರುತ್ತಿದ್ದಾಗ, ಬಾವಿಯಿಂದ ತುಸು ದೂರದಲ್ಲಿ ಒಬ್ಬ ಹೆಂಗಸು ಎರಡೂ ಕೈ ಚಾಚಿಕೊಂಡು ನಿಂತಿದ್ದಳು. ಮೊಣಕೈವರೆಗೆ ಕಡುಗೆಂಪು. ಮೇಷ್ಟ್ರು ಹೌಹಾರಿದರು.

“ಏನಮ್ಮ ಇದು, ಇಷ್ಟೊಂದು ರಕ್ತ!”

“ರಕ್ತ ಅಲ್ಲ ಸೋಮಿ, ದ್ರಾಕ್ಷಿ. ಯಾರಾನ ಬಂದು ನೀರು ಹಾಕ್ಲಿ ಅಂತ ನಿಂತಿದೀನಿ.”

“ಬಾವಿ ಇಲ್ಲೇ ಇದೆಯಲ್ಲ, ಸೇದಿಕೊಳ್ಳಬಾರದೆ?”

ಕೊಂಡಮ್ಮ ಅವರ ಮುಖವನ್ನು ಒಮ್ಮೆ ನೋಡಿದಳು. “ಊರಿಗೆ ಹೊಸಬ್ರಾ?” ಎಂದಳು.

ಮೇಷ್ಟ್ರಿಗೆ ಅರ್ಥವಾಯಿತು. ಒಂದು ಬಿಂದಿಗೆ ಸೇದಿ ಅವಳ ಕೈಮೇಲೆ ಸುರಿದರು. ಸುರಿಯುವಾಗ ನಾಚಿಕೆಪಟ್ಟವರು ಅವರು. ಕೊಂಡಮ್ಮನಿಗೆ ನಾಚಿಕೆಯೇನೂ ಇರಲಿಲ್ಲ. ಇದ್ದದ್ದು ಸಿಟ್ಟು, ಅದೂ ಹಳೆಯದು.

ತೋಟದ್ದು ನೀಲಿ ದ್ರಾಕ್ಷಿ. ಬೆಟ್ಟದ ತಂಪಿಗೆ ನಿಧಾನವಾಗಿ ಕಳಿತು ಸಿಪ್ಪೆಯಲ್ಲಿ ಒಳ್ಳೆಯ ಬಣ್ಣ ಕಟ್ಟುತ್ತಿತ್ತು. ಬೆಂಗಳೂರು ದಂಡಿನ ಕಡೆಯ ಒಬ್ಬ ಪಾದ್ರಿಗಳು ತಮ್ಮ ಚರ್ಚಿನ ಪೂಜೆಗೆಂದು ಪ್ರತಿವರ್ಷ ಕೆಲವು ಜಾಡಿ ಕೆಂಪು ವೈನನ್ನು ಇಲ್ಲಿಂದಲೇ ಮಾಡಿಸುತ್ತಿದ್ದರು. ಹಣ್ಣನ್ನು ಕಲ್ಲುತೊಟ್ಟಿಯಲ್ಲಿ ಕೈಯಿಂದ ಹಿಸುಕಬೇಕು, ಉಕ್ಕಿ ಮೇಲೆ ಬರುವ ಸಿಪ್ಪೆಯನ್ನು ದಿನವೂ ಒಳಕ್ಕೆ ಅದುಮಬೇಕು, ಆಮೇಲೆ ಸೋಸಿ ಜಾಡಿಗೆ ತುಂಬಿ ಬಿರಡೆ ಬಿಗಿಯಬೇಕು. ಆದರೆ ನರಸಿಂಹಪ್ಪನವರ ಮನೆಯವರು ತೊಟ್ಟಿಗೆ ಕೈಯಿಡುವಂತಿರಲಿಲ್ಲ. ಹುಳಿ ಬರಿಸುವುದು ಹೆಂಡದ ಕೆಲಸ, ಮನೆತನಕ್ಕೆ ಕೀಳು! ಹೀಗಾಗಿ ಆ ಕೀಳು ಕೆಲಸ ಊರಾಚೆಯ ಹರಿಜನ ಕೇರಿಯ ಕೊಂಡಮ್ಮನ ಪಾಲಿಗೆ ಬಂದಿತ್ತು. ತೊಳೆಯದ ಕೈ ಸೋಕಿದರೆ ರಸ ಕೆಡುವುದೆಂದು ಪಾದ್ರಿಗಳ ಕಟ್ಟಪ್ಪಣೆ. ಬಾವಿ ಮುಟ್ಟಬಾರದೆಂದು ಊರಿನ ಕಟ್ಟಪ್ಪಣೆ. ಎರಡರ ನಡುವೆ ಅವಳು ಕೈ ಚಾಚಿಕೊಂಡು ನಿಲ್ಲಬೇಕು. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದು ಆಗಲೇ ಮೂರು ವರ್ಷ. ಆ ಕಾನೂನು ನಂದಿ ಸ್ಟೇಷನ್ನಿನಲ್ಲಿ ಇಳಿಯುವುದನ್ನು ಮರೆತು ರೈಲಿನಲ್ಲೇ ಮುಂದಕ್ಕೆ ಹೋಗಿರಬೇಕು.

ಅದೇ ಮಾಗಿಯಲ್ಲಿ ನರಸಿಂಹಪ್ಪನವರ ಮನೆಮಂದಿಯೆಲ್ಲ ಮದುವೆಗೆಂದು ಚಿಂತಾಮಣಿಗೆ ಹೋದರು. ತೊಟ್ಟಿಯಲ್ಲಿ ಸಿಪ್ಪೆ ಉಕ್ಕಿ ಅಂಚಿಗೆ ಬಂದಿತ್ತು. ಕೊಂಡಮ್ಮ ಕಾದಳು, ಕೂಗಿದಳು, ನೀರು ಹಾಕುವವರಿಲ್ಲ. ಕೊನೆಗೆ ಸೆರಗು ಬಿಗಿದು ಬಾವಿಕಟ್ಟೆ ಹತ್ತಿದಳು. ತಾನೇ ಸೇದಿದಳು, ಕೈ ತೊಳೆದಳು, ಬೊಗಸೆ ತುಂಬ ಕುಡಿದಳು. ಊಟಕ್ಕೆಂದು ಊರಿಗೆ ಹೋಗಿ ಆಗಷ್ಟೇ ಮರಳುತ್ತಿದ್ದ ತೋಟದ ಕಾವಲುಗಾರ ಆವಲಪ್ಪ ಅದನ್ನು ನೋಡಿದ. ನೋಡಿದವನು ಸುಮ್ಮನಿರಲಾರದೆ ಯಜಮಾನರ ಕಿವಿಗೆ ಹಾಕಿದ.

ಮದುವೆಯಿಂದ ಬಂದವರು ಮೊದಲು ಮಾಡಿದ ಕೆಲಸ ಬಾವಿ ಶುದ್ಧಿ. ಪುರೋಹಿತರು ಬಂದರು, ಮಂತ್ರವಾಯಿತು, ತಂಬಿಗೆಯಲ್ಲಿ ಗಂಜಲ ತಂದು ಬಾವಿಗೆ ಹೊಯ್ದರು. ಕೊಂಡಮ್ಮ ಬೇಲಿಯಾಚೆ ನಿಂತು ಎಲ್ಲವನ್ನೂ ನೋಡಿದಳು. ಶುದ್ಧಿ ಮುಗಿಯುತ್ತಿದ್ದಂತೆಯೇ ಯಜಮಾನಿ ಚಿಕ್ಕವೆಂಕಟಮ್ಮ ಕೂಗಿ ಹೇಳಿದರು: “ಲೇ ಕೊಂಡಮ್ಮ, ಸಿಪ್ಪೆ ಅದುಮೋದು ಮರೀಬೇಡ ಕಣೇ, ರಸ ಕೆಟ್ಟೋದಾತು!”

ಅವಳು ಅದುಮಿದಳು. ಮಾತನ್ನು ಮಾತ್ರ ಒಳಗೇ ಇಟ್ಟುಕೊಂಡಳು.

ಬೇಸಗೆ ಕಳೆದು ಜಾಡಿ ತೆರೆಯುವ ದಿನ ಬಂತು. ಪಾದ್ರಿಗಳು ಇಬ್ಬರು ಸ್ನೇಹಿತರೊಡನೆ ರೈಲಿನಲ್ಲಿ ಬಂದಿಳಿದರು. ಜಗಲಿಯ ಮೇಲೆ ಕುರ್ಚಿ, ಗಾಜಿನ ಲೋಟ. ನರಸಿಂಹಪ್ಪನವರು ತಾವೇ ಬಿರಡೆ ಕಿತ್ತು ಸುರಿದರು. “ಬಣ್ಣ ನೋಡಿ, ಮಾಣಿಕ್ಯ!” ಎಂದು ಸ್ನೇಹಿತರೊಬ್ಬರು ಲೋಟವನ್ನು ಬಿಸಿಲಿಗೆ ಹಿಡಿದರು. ಉಳಿದ ಜಾಡಿಗಳನ್ನು ಹೊತ್ತು ತಂದ ಕೊಂಡಮ್ಮ ಅಂಗಳದಲ್ಲಿ ನಿಂತಳು.

“ಯಜಮಾನ್ರೇ, ಒಂದು ಮರ್ತಿದೀರ.”

“ಏನೇ ಅದು?”

“ನಾನು ಮುಟ್ಟಿದ್ದಕ್ಕೆ ಬಾವಿಗೆ ಗಂಜಲ ಹುಯ್ಸಿದ್ರಿ. ಈ ರಸಾನೂ ನಾನೇ ಮೊಣಕೈಮಟ ಮುಟ್ಟಿದ್ದು. ಜಾಡಿಗೂ ಒಂದೊಂದು ತಂಬಿಗೆ ಹುಯ್ಸಿಬಿಡಿ. ದೊಡ್ಡೋರು ಕುಡಿಯೋದು, ಮೈಲಿಗೆ ಆಗ್ಬಾರ್ದಲ್ಲ!”

“ಬಾಯಿ ಮುಚ್ಚೇ!” ಎಂದರು ನರಸಿಂಹಪ್ಪನವರು. ಬಾಗಿಲ ಮರೆಯಿಂದ ಚಿಕ್ಕವೆಂಕಟಮ್ಮ, “ಜಾಡಿಗೆ ಹುಯ್ದ್ರೆ ಕೊಂಡ್ಕೊಳ್ಳೋರ್ಯಾರೇ, ನಿಮ್ಮಪ್ಪನಾ?” ಎಂದುಬಿಟ್ಟರು.

“ಹಂಗಾದ್ರೆ ಸರಿ ಕಣಮ್ಮೋ! ದುಡ್ಡು ಕಂಡ್ರೆ ನನ್ನ ಮೈಲಿಗೆ ಓಡೋಗ್ತದೆ ಅನ್ನಿ. ನಾಳೆಯಿಂದ ನಾನೇ ನೀರು ಸೇದ್ಕೊಂತೀನಿ. ಈ ದೊಡ್ಡೋರ ಮುಂದೆ ಊಂ ಅಂದುಬಿಡಿ, ಸಾಕು.”

ಅಷ್ಟೇ ಅವಳು ಕೇಳಿದ್ದು. ಪಾದ್ರಿಗಳು ಲೋಟವನ್ನೇ ದಿಟ್ಟಿಸಿದರು. “ನರಸಿಂಹಪ್ಪ, ಈಕೆ ಕೇಳುವುದರಲ್ಲಿ ತಪ್ಪಿಲ್ಲ,” ಎಂದರು, ಮೆಲ್ಲಗೆ. “ಊರಿನ ಪದ್ಧತಿ ಫಾದರ್, ಮುಂದೆ ನೋಡೋಣ,” ಎಂದರು ಇವರು. ಒಬ್ಬ ಸ್ನೇಹಿತರು ನಕ್ಕು ಲೋಟವನ್ನು ಮತ್ತೆ ಮುಂದಕ್ಕೆ ಹಿಡಿದರು. ಜಾಡಿಗಳು ಗಾಡಿಯೇರಿ ಸ್ಟೇಷನ್ನಿಗೆ ಹೋದವು. ತಪ್ಪಿಲ್ಲವೆಂದವರು ಒಂದು ಜಾಡಿಯನ್ನೂ ಬಿಟ್ಟು ಹೋಗಲಿಲ್ಲ!

ಮುಂದಿನ ಹಣ್ಣಿನ ಕಾಲಕ್ಕೆ ಕೊಂಡಮ್ಮ ತೋಟದ ಕಡೆ ಸುಳಿಯಲಿಲ್ಲ. ಆವಲಪ್ಪ ಬಂದು ಕರೆದ, ಬೈಸಿಕೊಂಡು ಹೋದ. ಕಡೆಗೆ ನರಸಿಂಹಪ್ಪನವರೇ ಕೇರಿಯ ತುದಿಯವರೆಗೆ ಬಂದು ನಿಂತರು.

“ನೀರು ಹಾಕೋಕೇ ಅಂತ ಒಬ್ಬಾಳನ್ನ ಇಡ್ತೀನಿ ಕಣಮ್ಮ. ಇನ್ನೇನು ಬೇಕು ನಿಂಗೆ?”

“ಒಂದು ಹಗ್ಗ ಹಿಡಿಯೋದು ಬೇಕು ಸೋಮಿ. ಅದಕ್ಕೆ ಒಬ್ಬಾಳಿನ ಕೂಲಿ ಯಾಕೆ ದಂಡ ಮಾಡ್ತೀರ?”

ಅವರು ಊಂ ಅನ್ನಲಿಲ್ಲ. ಅವಳು ಹೋಗಲಿಲ್ಲ. ಗೌರಿಬಿದನೂರಿನ ಕಡೆಯಿಂದ ಆಳು ತರಿಸಿ ಹಣ್ಣು ಹಿಸುಕಿಸಿದರು. ಆ ವರ್ಷವೂ ವೈನು ಚೆನ್ನಾಗಿಯೇ ಬಂತಂತೆ. ಬರಲಿ, ಅದರಿಂದೇನು? ರಸ ಕೆಟ್ಟಿದ್ದರೆ ಮಾತ್ರ ಅವಳದು ನ್ಯಾಯ, ಕೆಡದಿದ್ದರೆ ಅಲ್ಲ ಎನ್ನುವಂತಿದೆಯೇ?

ತೋಟದ ಕೂಲಿ ತಪ್ಪಿದ ಮೇಲೆ ಊರಿನಲ್ಲಿ ಬೇರೆ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಗಂಡ ಮುನಿಶಾಮಿಯನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಹೊರಟುಹೋದಳು. ಈಗ ಅಲ್ಲಿ ಒಬ್ಬ ಸಾಹೇಬರ ಕಾರ್ಖಾನೆಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಾಳೆ. ಬಿಸಿನೀರಿಗೆ ಬೆರಳು ಬೆಂದು ಬಿಳುಚಿವೆ. ಮೊನ್ನೆ ಮೇಷ್ಟ್ರು ಆ ಬೀದಿಯಲ್ಲಿ ಹೋಗುವಾಗ ಅವಳ ದನಿ ದೂರದಿಂದಲೇ ಕೇಳಿಸಿತು. ಬೀದಿ ನಲ್ಲಿಯ ಸಾಲಿನಲ್ಲಿ ಬಿಂದಿಗೆ ಸೊಂಟಕ್ಕಿಟ್ಟು, ಮುಂದೆ ನಿಂತ ಶೆಟ್ಟರ ಮನೆಯ ಹೆಂಗಸನ್ನು ಗದರುತ್ತಿದ್ದಳು:

“ಎಷ್ಟೊತ್ತಮ್ಮಾ ತೊಳೀತೀಯ ಆ ಕೊಡಾನ? ಜರುಗು, ನಂದೂ ಪಾಳಿ ಬಂತು!”