ಪುಟ್ಟಬಸಮ್ಮನ ಅರೆದಿನದ ಮುಯ್ಯಿ

ಪುಟ್ಟಬಸಮ್ಮನ ಮೈನೋವಿಗೆ ಊರು ಮೊದಲು ಇಟ್ಟ ಹೆಸರು ಸೋಮಾರಿತನ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಸುಮಾರಿಗೆ ಕತ್ತಿನಲ್ಲಿ ಶುರುವಾದದ್ದು ಭುಜಕ್ಕಿಳಿಯಿತು, ಸೊಂಟಕ್ಕಿಳಿಯಿತು, ಕೊನೆಗೆ ಸೀರೆಯ ಗಂಟು ಒತ್ತಿದರೂ ಉರಿಯುವಷ್ಟಾಯಿತು. ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದರೆ ಯಾರೋ ಒನಕೆಯಲ್ಲಿ ಕುಟ್ಟಿ ಹೋದಂಥ ಮೈ. ಆದರೆ ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ. ತೋರಿಸಲು ಏನೂ ಇಲ್ಲದ ಕಾಯಿಲೆಯನ್ನು ಯಾರು ನಂಬುತ್ತಾರೆ? ಉಂಡು ಕೊಬ್ಬಿದವಳ ನಾಟಕ ಅಂದರು.

ಉಂಡು ಕೊಬ್ಬಲು ಅವಳಿಗೇನು ಸಾಹುಕಾರಿಕೆ ಇರಲಿಲ್ಲ. ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯ ಊರು, ನಾಲೆ ಬಯಲಿನಲ್ಲಿ ತುಂಡು ಗದ್ದೆ, ಕೊಟ್ಟಿಗೆಯಲ್ಲಿ ಎಮ್ಮೆ. ಗಂಡ ಶಿವಮಲ್ಲಪ್ಪ ಹೆಗಲ ಮೇಲೆ ಹಸಿರು ಟವೆಲ್ ಹಾಕಿ ರೈತಸಂಘ ಸೇರಿದವನು. ತಾಲ್ಲೂಕು ಕಚೇರಿ ಮುಂದೆ ಧರಣಿ ಅಂದರೆ ಬುತ್ತಿ ಕಟ್ಟಿಸಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ. ಆ ಬುತ್ತಿಯ ರೊಟ್ಟಿ ತಟ್ಟುವವಳ ಕೈ ಎಷ್ಟು ಸೇದುತ್ತದೆ ಎಂದು ಕೇಳುವುದು ಅವನ ಬೇಡಿಕೆ ಪಟ್ಟಿಯಲ್ಲಿ ಇರಲಿಲ್ಲ.

ಆ ಊರಿನಲ್ಲಿ ಕೂಲಿಯಾಳು ಕರೆದು ನಾಟಿ ಮಾಡಿಸುವ ಮನೆಗಳು ಕಡಿಮೆ. ಉಳಿದವರಿಗೆಲ್ಲ ಮುಯ್ಯಿಯೇ ಗತಿ. ಇವತ್ತು ನಿನ್ನ ಗದ್ದೆಯಲ್ಲಿ ನಾನು ಬಗ್ಗುತ್ತೇನೆ, ನಾಳೆ ನನ್ನ ಗದ್ದೆಯಲ್ಲಿ ನೀನು ಬಗ್ಗು. ಮುಯ್ಯಿ ತೀರಿಸದವಳನ್ನು ಹೆಂಗಸರ ಗುಂಪು ಬಿಡುತ್ತದೆ; ಗುಂಪು ಬಿಟ್ಟವಳ ಪೈರು ನಾಟಿ ಕಾಣದೆ ಒಟ್ಲು ಮಡಿಯಲ್ಲೇ ಬಲಿತು ದನದ ಪಾಲಾಗುತ್ತದೆ. ನೋವಿಗಿಂತ ಪುಟ್ಟಬಸಮ್ಮ ಹೆದರುತ್ತಿದ್ದದ್ದು ಇದಕ್ಕೆ.

ಆ ಹೆದರಿಕೆಗೇ ಅವಳು ಮಾಡಿಸದ ಮದ್ದಿಲ್ಲ. ಎಕ್ಕದೆಲೆ ಕಾಯಿಸಿ ಶಾಖ ಕೊಟ್ಟುಕೊಂಡಳು. ಬೆನ್ನಿಗೆ ಬರೆ ಹಾಕಿಸಿದಳು. ಹಳೆಯ ನೋವು ಹೋಗಲಿಲ್ಲ, ಸುಟ್ಟ ನೋವು ಜೊತೆಗೆ ಬಂತು. ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ನಂಜುಂಡನಿಗೆ ಉರುಳುಸೇವೆ ಮಾಡಿದಳು. ಕಲ್ಲುಹಾಸು ಅವಳ ಮೈಯ ಒಂದೊಂದು ಗೆಣ್ಣನ್ನೂ ವಿಚಾರಿಸಿಕೊಂಡಿತು. ಸೂಜಿ ಚುಚ್ಚುವವನೊಬ್ಬ ಕೊಟ್ಟ ಮಾತ್ರೆಗೆ ಮೈ ಹಗುರಾಯಿತೆಂದು ವರ್ಷವೆಲ್ಲ ನುಂಗಿದಳು, ಮುಖ ಕುಂಬಳಕಾಯಿಯ ಹಾಗೆ ಊದಿಕೊಂಡಿತು. ಮೈಸೂರಿನಲ್ಲಿ ಎಕ್ಸ್‌ರೇ ತೆಗೆದವರು ಏನೂ ಇಲ್ಲ, ಟಾನಿಕ್ ಕುಡಿ ಅಂದರು.

ಎಂಬತ್ತಾರರಲ್ಲಿ ನಂಜನಗೂಡಿನ ಪೇಟೆಗೆ ಚಂಪಕ ಎನ್ನುವ ಡಾಕ್ಟರು ಹೊಸದಾಗಿ ಬಂದರು. ಶಿವಮಲ್ಲಪ್ಪ ಗೊಣಗಿಕೊಂಡೇ ಹೆಂಡತಿಯನ್ನು ಬಸ್ಸು ಹತ್ತಿಸಿದ. ಡಾಕ್ಟರು ಎಕ್ಸ್‌ರೇ ಪಕ್ಕಕ್ಕಿಟ್ಟು, ಕತ್ತು, ಭುಜ, ಮೊಣಕೈ, ಮಂಡಿಯ ಒಳಮಗ್ಗುಲು, ಹೀಗೆ ಹೆಬ್ಬೆರಳಲ್ಲಿ ಒತ್ತುತ್ತಾ ಹೋದರು.

"ಇಲ್ಲಿ ನೋಯುತ್ತಾ?"

"ಅಯ್ಯೋ, ಬುಡಿ!"

"ಇಲ್ಲಿ?"

"ನಿನ್ ಕೈ ಸೇದೋಗ!" ಅಂದುಬಿಟ್ಟಳು ಪುಟ್ಟಬಸಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಡಾಕ್ಟರು ನಕ್ಕರು. "ಸೇದೋಗೋದು ಬೇಡಮ್ಮ, ಇನ್ನೂ ಕೆಲಸ ಇದೆ ಇದಕ್ಕೆ. ನೋಡಿ, ನಿಮ್ಮ ಎಲುಬು ಸವೆದಿಲ್ಲ, ಕೀಲು ಊದಿಲ್ಲ. ಆದ್ರೂ ನೋವು ನಿಜ. ಫೈಬ್ರೊಸೈಟಿಸ್ ಅಂತಿದ್ರು, ಈಗ ಫೈಬ್ರೊಮಯಾಲ್ಜಿಯಾ ಅಂತಾರೆ."

"ಎಸ್ರು ಏನಾರಾ ಇರ್ಲಿ ಡಾಕ್ಟ್ರವ್ವ. ನಾನು ಸುಳ್ಳೇಳ್ತಿಲ್ಲ ತಾನೇ?"

"ಇಲ್ಲ."

"ಅದ್ನೇ ಇವ್ರಿಗೂ ಒಂದ್ಸಲ ಏಳ್ಬುಡಿ," ಎಂದು ಗಂಡನ ಕಡೆ ಗದ್ದ ತಿರುಗಿಸಿದಳು. ಶಿವಮಲ್ಲಪ್ಪ ಟವೆಲ್ ಸರಿಮಾಡಿಕೊಂಡ.

"ವಾಸಿ ಆಯ್ತದಾ?" ಪುಟ್ಟಬಸಮ್ಮ ಕೇಳಿದಳು.

"ಬುಡಸಮೇತ ಕೀಳೋ ಮದ್ದಿಲ್ಲಮ್ಮ. ಹಿಡಿತಕ್ಕೆ ತರಬಹುದು. ರಾತ್ರಿಗೆ ಒಂದು ಸಣ್ಣ ಮಾತ್ರೆ ಕೊಡ್ತೀನಿ. ಬಾಯಿ ಒಣಗಬಹುದು. ಹುಚ್ಚಿನ ಮಾತ್ರೆ ಅಂತ ಯಾರಾದ್ರೂ ಆಡಿಕೊಂಡಾರು, ಬಿಡಬೇಡಿ. ಮನಸ್ಸಿನ ಕಾಯಿಲೆಗೆ ಇದನ್ನೇ ಜಾಸ್ತಿ ಕೊಡ್ತಾರೆ, ನಿಮಗೆ ಚೂರೇ ಚೂರು. ನಿದ್ದೆ ಬಂದ್ರೆ ನೋವು ತಗ್ಗುತ್ತೆ. ದಿನಾ ಸ್ವಲ್ಪ ನಡೀರಿ, ಬರ್ತಾ ಬರ್ತಾ ಹೆಚ್ಚು ಮಾಡಿ. ಮತ್ತೆ, ಕೆಲಸ ತುಂಡು ಮಾಡ್ಕೊಳ್ಳಿ. ನೋವು ಎದ್ದ ಮೇಲೆ ಕೂರೋದಲ್ಲ, ಮೈ ಚೆನ್ನಾಗಿರುವಾಗಲೇ ಕೂತ್ಕೋಬೇಕು."

ಪುಟ್ಟಬಸಮ್ಮ ಮಾತ್ರೆಯನ್ನು ಒಪ್ಪಿದಳು. ಕೊನೆಯ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದಳು. ಮೈ ಚೆನ್ನಾಗಿದ್ದಾಗ ಯಾವ ಮಾನವಂತೆ ಕೂತಾಳು?

ಕೆಲವು ವಾರಗಳಲ್ಲಿ ನಿದ್ದೆ ಹತ್ತಿತು. ಮುಂಜಾನೆ ಬೆರಳು ಮಡಿಸಿದರೆ ಮಡಿಸಿಕೊಳ್ಳುತ್ತಿದ್ದವು. ಅಷ್ಟು ಹೊತ್ತಿಗೆ ನಾಟಿ ಬಂತು. ಹಳೆಯ ಮುಯ್ಯಿಯೆಲ್ಲ ಮೈ ಇರುವಾಗಲೇ ತೀರಿಸಿಬಿಡುತ್ತೇನೆಂದು, ಕರೆದವರ ಗದ್ದೆಗೂ ಕರೆಯದವರ ಗದ್ದೆಗೂ ಇಳಿದಳು. ಬೆಳಗಿಂದ ಬೈಗಿನವರೆಗೆ ಬಗ್ಗಿದ ಸೊಂಟ ಎತ್ತಲಿಲ್ಲ. ಅವಳ ಗದ್ದೆಯೂ ನಾಟಿಯಾಯಿತು. ಕೊನೆಗೆ ಉಳಿದದ್ದು ಗುಂಪಿನ ಯಜಮಾನಿ ಮಂಗಳಗೌರಿಯ ಗದ್ದೆ. ಆ ದಿನ ಬೆಳಿಗ್ಗೆ ಪುಟ್ಟಬಸಮ್ಮನಿಗೆ ಚಾಪೆಯಿಂದ ಏಳಲಾಗಲಿಲ್ಲ.

ಸಂಜೆ ಮಂಗಳಗೌರಿ ಕೆಸರುಕಾಲಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಏನೇ ಬಸಮ್ಮಿ, ಊರೋರ್ ಗದ್ದೆಗೆಲ್ಲಾ ಮೈ ಇತ್ತು, ನನ್ ಗದ್ದೆಗೆ ಮಾತ್ರ ನೋವು ಬಂತಾ?"

"ಏಳಾಕಾಗ್ನಿಲ್ಲ ಕನ ಗೌರಕ್ಕ."

"ಏಳ್ಬ್ಯಾಡ ಬುಡು. ಕಳೆ ಕೀಳಾಕೂ ಕರೆಯಾಕಿಲ್ಲ, ಬರೋ ಸಲದ ನಾಟಿಗೂ ಕರೆಯಾಕಿಲ್ಲ. ಮಲ್ಕೋ, ಗಂಡ ಸಂಘದಿಂದ ಆಳ್ ತತ್ತಾನೆ."

ಚಾಪೆಯ ಮೇಲೆ ಬಿದ್ದುಕೊಂಡು ಪುಟ್ಟಬಸಮ್ಮ ಸೂರು ನೋಡಿದಳು. ಮಂಗಳಗೌರಿಯ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೇ ಬಂತು. ನೋವು ಅವಳನ್ನು ಕೆಡವಿರಲಿಲ್ಲ. ಅದು ಸ್ವಲ್ಪ ಜಾಗ ಬಿಟ್ಟಾಗ ಎತ್ತಿನ ಹಾಗೆ ನುಗ್ಗಿದ್ದು ಅವಳೇ. ಡಾಕ್ಟರ ಕೊನೆಯ ಮಾತು ಈಗ ಹೊಟ್ಟೆಗಿಳಿಯಿತು.

ಎದ್ದು ಓಡಾಡುವಂತಾದ ಮೇಲೆ ಮಾತ್ರೆ ತಪ್ಪಿಸಲಿಲ್ಲ. ಬೆಳಿಗ್ಗೆ ಬಿಸಿನೀರು ಹುಯ್ದುಕೊಂಡು ನಾಲೆ ಏರಿಯ ಮೇಲೆ ನಡೆದಳು. ಮೊದಲು ತೂಬಿನವರೆಗೆ, ಆಮೇಲೆ ಹೊಂಗೆಮರದವರೆಗೆ. ಮರ ದಾಟಿ ಹೋಗಬಲ್ಲೆನೆಂದು ಅನಿಸಿದ ದಿನವೂ ಹಲ್ಲು ಕಚ್ಚಿ ವಾಪಸು ಬಂದಳು. ಊರು ನಕ್ಕಿತು. ಊರಿಗೆ ನಗುವುದಕ್ಕೆ ಖರ್ಚೇನು?

ಕಳೆ ಕೀಳುವ ಕಾಲಕ್ಕೆ ತಾನೇ ಮಂಗಳಗೌರಿಯ ಜಗಲಿಗೆ ಹೋಗಿ ಕೂತಳು. ಅಲ್ಲಿ ಗುಂಪಿನ ಹೆಂಗಸರೆಲ್ಲ ಇದ್ದರು.

"ಅಕ್ಕಾ, ನಾನು ಅರೆದಿನ ಮುಯ್ಯಿ ಬತ್ತೀನಿ. ನಿಮ್ದು ಒಂದ್ ದಿನಕ್ಕೆ ನಂದು ಎರಡ್ ದಿನ. ನಡುನಡುವೆ ಬದಿನ್ ಮ್ಯಾಕೆ ಕೂತ್ಕತೀನಿ."

"ಕೂತ್ಕತೀಯಾ? ನಾವು ಬಗ್ಗಿರೋವಾಗ ನೀನು ಮಾರಾಣಿ ಅಂಗೆ ಕೂತ್ಕೊಳಾದಾ?" ಮಂಗಳಗೌರಿ ಕೇಳಿದಳು.

"ಊ, ಕೂತ್ಕತೀನಿ. ನಮ್ಮೋರು ಕಚೇರಿ ಮುಂದೆ ಕುಂತ್ರೆ ಓರಾಟ ಅಂತೀರಿ, ನಾನು ಬದಿನ್ ಮ್ಯಾಕೆ ಕುಂತ್ರೆ ಸೋಮಾರಿ ಅಂತೀರಿ. ಆಗ್ನಿಲ್ಲ ಅಂದ್ರೆ ಆಗ ಕೈ ಬುಡಿ. ಈ ಒಂದ್ ಕಳೆ ಮುಗಿಯಗಂಟ ನೋಡಿ."

ಹೆಂಗಸರು ಕಿಸಕ್ಕನೆ ನಕ್ಕರು. ಮಂಗಳಗೌರಿ ಎಲೆಯಡಿಕೆ ಉಗಿದು ಬಂದಳು. "ಆಯ್ತು. ಮೊದಲು ನನ್ ಗದ್ದೆಗೇ ಬಾ. ಕಣ್ಮುಂದೆ ಇರು."

ಮಂಗಳಗೌರಿಯ ಗದ್ದೆಗೆ ಇಳಿದ ಬೆಳಿಗ್ಗೆ ಪುಟ್ಟಬಸಮ್ಮನ ಮೈ ಹಗುರವಾಗಿತ್ತು. ಕಷ್ಟವಾದದ್ದೇ ಅದು. ಕಳೆ ಬೇರುಸಮೇತ ಸಲೀಸಾಗಿ ಬರುತ್ತಿತ್ತು, ಸಾಲಿನಲ್ಲಿ ಎಲ್ಲರಿಗಿಂತ ಒಂದು ಮಾರು ಮುಂದಿದ್ದಳು. ದೂರದಲ್ಲಿ ತಲಕಾಡಿನ ಬಸ್ಸು ಹಾರನ್ ಹೊಡೆಯಿತು. ಆ ಬಸ್ಸಿನ ಸದ್ದು ಕೇಳಿದ ಕೂಡಲೇ ಕೆಲಸ ಬಿಟ್ಟು ಏಳಬೇಕೆಂದು ಮನೆಯಲ್ಲೇ ನಿಶ್ಚಯಿಸಿದ್ದಳು. ಇನ್ನೊಂದು ಸಾಲು ಮುಗಿಸು, ಒಂದೇ ಒಂದು, ಎಂದು ಕೈ ಕೇಳಿತು. ಹೆಂಗಸರೆಲ್ಲರ ಕಣ್ಣು ಬೆನ್ನ ಮೇಲಿರುವುದು ಗೊತ್ತಿತ್ತು. ಬರೆಯೂ ಇಷ್ಟು ಸುಟ್ಟಿರಲಿಲ್ಲ.

ಸಾಲನ್ನು ಅರ್ಧಕ್ಕೆ ಬಿಟ್ಟು, ಕೈ ತೊಳೆದು, ಬದುವಿನ ಮೇಲೆ ಕಾಲು ಚಾಚಿ ಕೂತಳು.

"ನೋಡ್ರವ್ವಾ, ಧರಣಿ ಶುರುವಾಯ್ತು!" ಮಂಗಳಗೌರಿ ಗದ್ದೆಯಿಂದಲೇ ಕೂಗಿದಳು. "ಧಿಕ್ಕಾರ ಕೂಗೇ ಬಸಮ್ಮಿ!"

"ಉಸ್ರು ಉಳಿಸ್ಕತಾ ಇವ್ನಿ ಕನಕ್ಕ, ಆಮ್ಯಾಕೆ ಕೂಗ್ತೀನಿ."

ಕೂರಬೇಕಾದಷ್ಟು ಹೊತ್ತು ಕೂತು, ಬದುವಿನ ಉದ್ದಕ್ಕೂ ಒಮ್ಮೆ ನಡೆದು, ಮತ್ತೆ ಇಳಿದು ತನ್ನ ಸಾಲು ಮುಗಿಸಿದಳು. ಹೊತ್ತು ನೆತ್ತಿಗೇರಿದಾಗ ಸೆರಗು ಕೊಡವಿ ಮನೆಗೆ ಹೊರಟಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸಂಜೆ ನೋವು ಬಂತು. ಬರದೆ ಎಲ್ಲಿ ಹೋಗುತ್ತದೆ? ಆದರೆ ಮಾತ್ರೆ ನುಂಗಿ ಮಲಗಿದವಳು ಬೆಳಿಗ್ಗೆ ಎದ್ದು ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದಳು. ಮುಯ್ಯಿಗೆ ಹೋದ ಮರುದಿನ ತಾನಾಗಿ ಎದ್ದು ಎಷ್ಟು ವರ್ಷವಾಗಿತ್ತೋ.

ಹಾಲು ಕರೆದು ಮುಗಿಯುವ ಮೊದಲೇ ಬೀದಿಯಲ್ಲಿ ಮಂಗಳಗೌರಿಯ ಗಂಟಲು ಕೇಳಿಸಿತು. "ಲೇ ಬಸಮ್ಮಿ, ಇನ್ನರ್ಧ ಯಾರ್ ತೀರಿಸ್ತಾರೆ? ಧರಣಿಗೆ ಬತ್ತೀಯೋ ಇಲ್ವೋ?"

"ಬತ್ತೀನಿ ತಡ್ಯಕ್ಕ," ಎಂದು ಪುಟ್ಟಬಸಮ್ಮ ಒಳಗಿನಿಂದಲೇ ಕೂಗಿದಳು. ಚೊಂಬನ್ನು ಶಿವಮಲ್ಲಪ್ಪನ ಕೈಗಿಟ್ಟಳು. "ರೊಟ್ಟಿ ನೀವೇ ತಟ್ಕಳಿ. ನಂಗೂ ಓರಾಟ ಅದೆ."